ಎಡಗಡೆಯ ಜಾಗ

ಹಿರಿಯೂರು
9 ಮಾರ್ಚ್ 2025, ಭಾನುವಾರ

ಪ್ರೀತಿಯ ಹನ್ನಾ,

ನಿನಗೂ ಅಳಿಯಂದಿರಿಗೂ ಕರ್ತನ ಹೆಸರಿನಲ್ಲಿ ಅಮ್ಮನ ವಂದನೆಗಳು. ಊರು ಮುಟ್ಟಿದ ಕೂಡಲೇ ಕಾಗದ ಹಾಕುತ್ತೇನೆ ಎಂದವಳು ಇಷ್ಟು ತಡ ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ಕಣ್ಣಿನ ಆಪರೇಷನ್ ಮಾಡಿದ ಡಾಕ್ಟರು ಓದಬೇಡಿ, ಬರೆಯಬೇಡಿ, ಬಗ್ಗಬೇಡಿ, ಅಳಬೇಡಿ ಎಂದು ಎಲ್ಲದಕ್ಕೂ ಬೇಡ ಎಂದಿದ್ದರಲ್ಲ, ನಾಲ್ಕನ್ನೂ ಪಾಲಿಸಿದ್ದೇನೆ. ಈಗ ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸುತ್ತೇನೆ. ಎದುರು ಮನೆಯ ತಂತಿಯ ಮೇಲೆ ಒಣಗುವ ಬಟ್ಟೆಯ ಹೊಲಿಗೆ ಬಿಟ್ಟಿರುವುದೂ ಕಾಣುತ್ತದೆ.

ಫೋನು ಇರುವಾಗ ಕಾಗದ ಯಾಕೆ ಎಂದು ಅಳಿಯಂದಿರು ನಗಬಹುದು. ನೀನು ನರ್ಸಿಂಗ್ ಹಾಸ್ಟೆಲಿನಲ್ಲಿದ್ದಾಗ ವಾರ ವಾರ ಬರೆದ ಕೈ ಇದು. ಅದೂ ಅಲ್ಲದೆ ಫೋನಿನಲ್ಲಿ ನಾನು ಮುಖ್ಯವಾದ ಮಾತಿಗೆ ಬಂದ ತಕ್ಷಣ ನಿನಗೆ ಡ್ಯೂಟಿ ನೆನಪಾಗುತ್ತದೆ. ಕಾಗದವನ್ನು ನಡುವೆ ಕಟ್ ಮಾಡುವುದಕ್ಕೆ ಬರುವುದಿಲ್ಲ.

ಮುಖ್ಯವಾದ ಮಾತು ರೋಜಾಳದು. ನಮ್ಮ ಸಭೆಯ ಎಸ್ತರಮ್ಮನ ಮಗಳು, ತಾಳ್ಯದ ಶಿವುವನ್ನು ಮದುವೆಯಾದವಳು. ನಾನು ಚಿತ್ರದುರ್ಗದಲ್ಲಿ ನಿನ್ನ ಮನೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಾಗ ಅವಳ ಮಗು ಹುಟ್ಟುತ್ತಲೇ ತೀರಿಹೋಯಿತು ಎಂದು ನೀನೇ ಹೇಳಿದ್ದೆ. ಪಾಪ, ಆಗಬಾರದಿತ್ತು. ಶಿವುವಿನ ಕಡೆಯವರು ತಾಳ್ಯಕ್ಕೆ ತೆಗೆದುಕೊಂಡು ಹೋಗಿ ಮಣ್ಣು ಮಾಡಿರಬೇಕು. ನಾನು ಬಂದ ಮೇಲೆ ಮಾತಾಡಿಸಿಕೊಂಡು ಬಂದೆ, ಮುಗಿಯಿತು. ಆದರೆ ಅವಳು ಮುಗಿಸುತ್ತಿಲ್ಲ. ದಿನಾ ನನ್ನ ಮನೆಗೆ ಬರುತ್ತಾಳೆ. ಬೆಳಗ್ಗೆ ಬಂದು ಕಣ್ಣಿಗೆ ಹನಿ ಹಾಕುತ್ತಾಳೆ, ಬಿಂದಿಗೆ ತುಂಬುತ್ತಾಳೆ, ಸಂಜೆ ಮುದ್ದೆ, ಸೊಪ್ಪಿನ ಸಾರು ಡಬ್ಬಿಯಲ್ಲಿ ತರುತ್ತಾಳೆ. ನಾನು ಅವಳಿಗೆ ಏನಾಗಬೇಕು? ಅವಳ ಮದುವೆ ನಮ್ಮ ಗುಡಿಯಲ್ಲಿ, ಪಾದ್ರಿ ಅಯ್ಯನವರ ಮುಂದೆ ಆಗಲಿಲ್ಲ ಎಂದು ಮಹಿಳಾ ಕೂಟದಲ್ಲಿ ಮೊದಲು ಬಾಯಿ ಬಿಟ್ಟವಳೇ ನಾನು. ಅಂಥವಳ ಮನೆಗೆ ಬಂದು ಪಾತ್ರೆ ತಿಕ್ಕುತ್ತಾಳೆ ಎಂದರೆ ಯೋಚನೆ ಮಾಡಬೇಡವೇ? ಅತಿ ವಿನಯಂ ಧೂರ್ತ ಲಕ್ಷಣಂ ಅಂತ ನಿನ್ನ ಅಪ್ಪ ಸುಮ್ಮನೆ ಹೇಳುತ್ತಿರಲಿಲ್ಲ.

ಇನ್ನೊಂದು ಸಂಗತಿ. ನನ್ನ ಟ್ರಂಕಿನಲ್ಲಿ ಬಿಳಿ ಸ್ಯಾಟಿನ್ ಬಟ್ಟೆ ಇಟ್ಟಿರುತ್ತೇನಲ್ಲ, ಸಭೆಯಲ್ಲಿ ಯಾರಾದರೂ ತೀರಿಕೊಂಡರೆ ಪೆಟ್ಟಿಗೆಯ ಒಳಗೆ ಹಾಸಿ ಹೊಲಿಯುವುದಕ್ಕೆ, ಅದರಲ್ಲಿ ಒಂದು ತುಂಡು ಇಲ್ಲ. ಲೇಸೂ ಕಡಿಮೆಯಾಗಿದೆ. ಕತ್ತರಿಸಿದ ಅಂಚು ಸೊಟ್ಟ, ಹಾವು ಹರಿದ ಹಾಗಿದೆ. ಹೊಲಿಗೆ ಟೀಚರ್ ಆಗಿದ್ದವಳ ಕಣ್ಣಿಗೆ ಅದು ತಪ್ಪುತ್ತದೆಯೇ? ಮನೆಯ ಕೀಲಿ ಪಕ್ಕದ ಮನೆ ಮಲೀಕಾಳ ಹತ್ತಿರ ಇತ್ತು. ಕೇಳಿದೆ. ನನಗೇನು ಗೊತ್ತಕ್ಕ ಎಂದವಳೇ ಕೋಳಿ ಅಟ್ಟುವುದಕ್ಕೆ ಹೋದಳು. ಅಂಗಳದಲ್ಲಿ ಕೋಳಿ ಇರಲಿಲ್ಲ.

ಇದೆಲ್ಲ ಹೋಗಲಿ. ನಿನ್ನೆ ಸಮಾಧಿ ತೋಟಕ್ಕೆ ಹೋಗಿದ್ದೆ. ನಿನ್ನ ಅಪ್ಪನ ಸಮಾಧಿಯ ಎಡಗಡೆ ನನಗೆಂದು ಬಿಡಿಸಿಕೊಂಡ ಜಾಗವಿದೆಯಲ್ಲ, ಸುತ್ತ ಕಲ್ಲು ಇಡಿಸಿದ್ದೇನಲ್ಲ, ಅಲ್ಲಿ ಯಾರೋ ಕಳೆ ಕಿತ್ತಿದ್ದಾರೆ. ನಡುವೆ ಒಂದು ಮೊಳ ಕನಕಾಂಬರ ಇಟ್ಟಿದ್ದಾರೆ. ಯಾರೂ ಇಲ್ಲದ ಜಾಗಕ್ಕೆ ಹೂವು ಯಾಕೆ? ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲು ಎಸೆಯುತ್ತಾರಲ್ಲ, ಅದೇ ಲೆಕ್ಕ. ಎಸ್ತರಮ್ಮನಿಗೆ ಕಿಡ್ನಿ ಎರಡೂ ಹೋಗಿವೆ, ಹೆಚ್ಚು ದಿನ ಇಲ್ಲ ಎನ್ನುತ್ತಾರೆ. ತೋಟದಲ್ಲಿ ಜಾಗ ಮುಗಿದಿದೆ, ಉಳಿದದ್ದೆಲ್ಲ ಬಂಡೆ, ಹಾರೆ ಇಳಿಯುವುದಿಲ್ಲ. ಈಗ ನೀನೇ ಕೂಡಿಸಿ ನೋಡು, ರೋಜಾಳ ಮುದ್ದೆ ಯಾವ ಕಡೆ ಉರುಳುತ್ತಿದೆ ಎಂದು.

ಆ ಜಾಗ ನನಗೆ ಯಾಕೆ ಬೇಕು ಎಂದು ನಿನಗೆ ಹೇಳಬೇಕಾಗಿಲ್ಲ. ಲೈನ್‌ಮನ್ ಕೆಲಸದಲ್ಲಿ ಕಂಬದಿಂದ ಬಿದ್ದ ಮೇಲೆ ನಿನ್ನ ಅಪ್ಪನಿಗೆ ಬಲಗಿವಿ ಕೇಳಿಸುತ್ತಿರಲಿಲ್ಲ. ಅಂದಿನಿಂದ ನಾನು ಮಲಗಿದ್ದು, ಕುಳಿತದ್ದು, ಗುಡಿಗೆ ನಡೆದದ್ದು ಎಲ್ಲ ಅವರ ಎಡಗಡೆಯೇ. ಈಗ ಬಲಗಡೆ ಕಾಂಪೌಂಡ್ ಗೋಡೆ ಇದೆ, ಎಡಗಡೆ ನನ್ನದು. ಅದೊಂದನ್ನು ಬಿಟ್ಟು ಈ ಲೋಕದಲ್ಲಿ ನನ್ನದು ಎಂದು ನಾನು ಏನನ್ನೂ ಹಿಡಿದುಕೊಂಡಿಲ್ಲ.

ಇನ್ನು ನಿನ್ನ ವಿಷಯ. ನಾನು ಅಲ್ಲಿದ್ದಾಗ ಒಂದು ದಿನ ಯಾರದೋ ಫೋನು ಬಂತು, ನೀನು ಹಿತ್ತಲಿಗೆ ಹೋಗಿ ಮೆತ್ತಗೆ ಮಾತಾಡಿದೆ. ಒಳಗೆ ಬಂದಾಗ ನಿನ್ನ ಮೂಗು ಕಟ್ಟಿತ್ತು. ಬಟ್ಟೆ ಕಟ್ಟಿದ್ದು ನನ್ನ ಕಣ್ಣಿಗೆ, ಕಿವಿಗಲ್ಲ. ಅಳಿಯಂದಿರ ಜೊತೆ ಏನಾದರೂ ಮಾತು ಬಂದಿದ್ದರೆ ಮುಚ್ಚಿಡಬೇಡ, ಬರೆ.

ಲೆಂಟ್‌ನಲ್ಲಿ ಈಸ್ಟರ್ ತನಕದ ಉಪವಾಸಕ್ಕೆಂದು ಈ ಸಲ ಕಾಫಿ ಬಿಟ್ಟಿದ್ದೇನೆ. ತಲೆ ಸಿಡಿಯುತ್ತದೆ, ಆದರೂ ಬಿಟ್ಟಿದ್ದೇನೆ. ದೇವರು ನಿಮ್ಮನ್ನು ಚೆನ್ನಾಗಿಡಲಿ.

ನಿನ್ನ ಅಮ್ಮ,
ಲುದ್ಯಮ್ಮ


ಹಿರಿಯೂರು
28 ಮಾರ್ಚ್ 2025, ಶುಕ್ರವಾರ

ಪ್ರೀತಿಯ ಹನ್ನಾ,

ನಿನ್ನ ಕಾಗದ ಬಂತು. ಅದನ್ನು ಕಾಗದ ಎನ್ನಬೇಕೋ ಮಾತ್ರೆ ಚೀಟಿ ಎನ್ನಬೇಕೋ ಗೊತ್ತಾಗಲಿಲ್ಲ. "ಹನಿ ಬಿಡದೆ ಹಾಕಿಕೋ, ರೋಜಾ ಒಳ್ಳೆಯವಳು, ಏನೇನೋ ಯೋಚಿಸಬೇಡ." ಫೋನಿನ ಬಗ್ಗೆ ನಾನು ಕೇಳಿದ್ದಕ್ಕೆ ಉತ್ತರವೇ ಇಲ್ಲ. ಇರಲಿ, ನೆನಪಿಟ್ಟುಕೊಂಡಿದ್ದೇನೆ.

ಏನೇನೋ ಯೋಚಿಸುವವಳು ನಾನಲ್ಲ, ನೋಡಿ ಬಂದು ಬರೆಯುತ್ತಿದ್ದೇನೆ. ಮೊನ್ನೆ ಬಿಸಿಲು ಇಳಿದ ಮೇಲೆ ಯಾರಿಗೂ ಹೇಳದೆ ತೋಟಕ್ಕೆ ಹೋದೆ. ಗೇಟಿನ ಹತ್ತಿರ ಶಿವುವಿನ ಲಗೇಜ್ ಆಟೋ ನಿಂತಿತ್ತು. ಅವನು ಸ್ಟೇರಿಂಗ್ ಮೇಲೆ ತಲೆ ಇಟ್ಟುಕೊಂಡಿದ್ದ, ನನ್ನನ್ನು ನೋಡಲಿಲ್ಲ. ಒಳಗೆ ಹೋದರೆ ರೋಜಾ ನನ್ನ ಜಾಗದಲ್ಲಿ ಕುಂತಿದ್ದಾಳೆ! ನಾನು ಇಡಿಸಿದ ಕಲ್ಲಿನ ಒಳಗೆ, ಸ್ವಂತ ಮನೆಯ ಪಡಸಾಲೆಯಲ್ಲಿ ಕುಂತ ಹಾಗೆ. ಅಂಗೈಯಿಂದ ಮಣ್ಣು ಸವರುತ್ತಿದ್ದಳು. ನನ್ನ ಚಪ್ಪಲಿ ಸದ್ದಿಗೆ ಧಡಕ್ಕನೆ ಎದ್ದಳು, ಸೆರಗಿನಿಂದ ಮಣ್ಣು ಉದುರಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇವಳು ಯಾರೂ ಏನೂ ಅನ್ನುವ ಮೊದಲೇ ನೋಡಿಕೊಂಡಳು.

ಆಮೇಲೆ ಕೇಳಿದಳು ನೋಡು, ಬಾಯಿ ಬಿಟ್ಟೇ ಕೇಳಿದಳು.

"ಆಂಟಿ, ಈ ಜಾಗ ನಿಮಗೇ ಬೇಕೇ ಬೇಕಾ?"

ಇನ್ನೇನು ಸಾಕ್ಷಿ ಬೇಕು? ನಾನು ಇನ್ನೂ ಉಸಿರಾಡುತ್ತಿದ್ದೇನಮ್ಮ, ನಿನ್ನ ಅವ್ವನಿಗೆ ಬೇರೆ ಕಡೆ ನೋಡಿಕೋ ಎಂದೆ. ಅವಳು ಮುಖ ಮುಖ ನೋಡಿದಳು, ನನ್ನ ಮಾತು ಅರ್ಥವೇ ಆಗದವಳ ಹಾಗೆ. ನಾಟಕ ಎಂದುಕೊಂಡೆ. ನಾಳೆಯಿಂದ ಡಬ್ಬಿ ತರಬೇಡ, ಹನಿ ಹಾಕಿಕೊಳ್ಳಲು ನನಗೂ ಕೈ ಇದೆ ಎಂದು ಹೇಳಿ ಬಂದೆ. ಅಂದಿನಿಂದ ಬಂದಿಲ್ಲ. ಹನಿ ನಾನೇ ಹಾಕಿಕೊಳ್ಳುತ್ತೇನೆ, ಅರ್ಧ ಕೆನ್ನೆಯ ಮೇಲೆ ಹೋಗುತ್ತದೆ.

ಮರುದಿನವೇ ಅಯ್ಯನವರ ಹತ್ತಿರ ಹೋದೆ. ನನ್ನ ಜಾಗದ ಮೇಲೆ ಯಾರದಾದರೂ ಕಣ್ಣು ಬಿದ್ದಿದೆಯೇ, ನೇರವಾಗಿ ಹೇಳಿ ಎಂದೆ. ಅವರು ನೇರವಾಗಿ ನೆಲ ನೋಡಿದರು. ಕಾಫಿ ಕುಡಿಯಿರಿ ಎಂದರು, ಬಿಟ್ಟಿದ್ದೇನೆ ಎಂದೆ. ಅದಕ್ಕೆ ಈ ಸಣ್ಣ ವಯಸ್ಸಿನ ಪಾದ್ರಿ ನನಗೆ ಹೇಳುತ್ತಾರೆ, "ಅಮ್ಮಾ, ನೀವು ಬಿಟ್ಟ ಕಾಫಿ ಯಾರಿಗೆ ಸಿಕ್ತು?" ಎಂದು. ಯಾರಿಗೂ ಸಿಗಲಿಲ್ಲ, ಪುಡಿ ಡಬ್ಬಿಯಲ್ಲೇ ಇದೆ ಎಂದೆ. ಹಾಗಾದರೆ ಅದು ಬಿಟ್ಟ ಹಾಗಲ್ಲ, ಎತ್ತಿಟ್ಟ ಹಾಗೆ ಎಂದರು. ನಿನ್ನ ವಯಸ್ಸಿನವರ ಬಾಯಲ್ಲಿ ನಾನು ಇಂಥ ಪಾಠ ಕೇಳಬೇಕೇ? ನಾನು ಸಭೆಗೆ ಎಷ್ಟು ಪೆಟ್ಟಿಗೆಗೆ ಹೊಲಿದುಕೊಟ್ಟಿದ್ದೇನೆ ಎಂಬುದು ಅವರಿಗೆ ಗೊತ್ತಿಲ್ಲ.

ಅಲ್ಲೇ ಒಂದು ತೀರ್ಮಾನ ಮಾಡಿ ಹೇಳಿಬಿಟ್ಟೆ. ಈಸ್ಟರ್‌ಗೆ ಸಮಾಧಿಗಳಿಗೆ ಸುಣ್ಣ ಬಳಿಯುವ ಮೊದಲೇ ನನ್ನ ಜಾಗಕ್ಕೆ ಪಾಯ ತೋಡಿಸಿ ಸಿಮೆಂಟ್ ಕಟ್ಟೆ ಹಾಕಿಸುತ್ತೇನೆ. ಮೇಲೆ ನನ್ನ ಹೆಸರು, ಹುಟ್ಟಿದ ವರ್ಷ. ಇನ್ನೊಂದು ವರ್ಷ ಖಾಲಿ ಇರಲಿ, ಆಮೇಲೆ ನೀನು ಬರೆಸು. ಅಯ್ಯನವರು ಗಾಬರಿಯಾಗಿ, ಇಷ್ಟು ಅವಸರ ಯಾಕಮ್ಮ, ಪಾಯ ಯಾಕೆ, ಸುಮ್ಮನೆ ಮೇಲೆ ಕಲ್ಲು ಇಟ್ಟರೆ ಸಾಲದೇ ಎಂದರು. ಮೇಲೆ ಇಟ್ಟದ್ದನ್ನು ಯಾರು ಬೇಕಾದರೂ ಎತ್ತಿಡುತ್ತಾರೆ, ಪಾಯವೇ ಬೇಕು ಎಂದೆ. ನನಗೆ ಈಗ ಅವರ ಮೇಲೂ ಅನುಮಾನ.

ಕಟ್ಟುವುದಕ್ಕೆ ಗಾರೆಯವನನ್ನು ಗೊತ್ತು ಮಾಡಿದ್ದೇನೆ. ಅಗೆಯುವುದಕ್ಕೆ ನಮ್ಮ ಅಂಜನಪ್ಪನೇ, ತೋಟದಲ್ಲಿ ಗುಂಡಿ ತೋಡುವವನು. ಈಸ್ಟರ್ ಹಬ್ಬಕ್ಕೆ ಒಂದು ವಾರ ಮುಂಚೆ ಗರಿಗಳ ಭಾನುವಾರ ಬರುತ್ತದಲ್ಲ, ಅದರ ಹಿಂದಿನ ದಿನ ಕೆಲಸ. ನೀನು ಒಂದು ದಿನದ ಮಟ್ಟಿಗೆ ಬಂದು ನನ್ನ ಪಕ್ಕ ನಿಂತಿದ್ದರೆ ಚೆನ್ನಾಗಿತ್ತು. ಫೋನಿನಲ್ಲಿ ಹೇಳಿದಾಗ "ಅಮ್ಮಾ, ಅಗೆಸಬೇಡ" ಎಂದು ನೀನು ಕೂಗಿಕೊಂಡೆ, ಯಾಕೆ ಎಂದು ನಾನು ಕೇಳಿದರೆ ಪೇಷಂಟ್ ಕರೆಯುತ್ತಿದ್ದಾರೆ ಎಂದೆ. ಹೆತ್ತ ಮಗಳೂ ಅವರ ಕಡೆಯೇ ಸೇರಿಬಿಟ್ಟಳಾ ಎಂದು ನಿದ್ದೆ ಹತ್ತಲಿಲ್ಲ. ಆದರೂ ನೀವು ಸುಖವಾಗಿರಿ.

ನಿನ್ನ ಅಮ್ಮ,
ಲುದ್ಯಮ್ಮ


ಹಿರಿಯೂರು
14 ಏಪ್ರಿಲ್ 2025, ಸೋಮವಾರ

ಹನ್ನಾ,

ಕ್ಷೇಮ ಸಮಾಚಾರ ಇನ್ನೊಂದು ದಿನ ಕೇಳುತ್ತೇನೆ. ಶನಿವಾರದಿಂದ ನಿನ್ನ ಫೋನು ಎತ್ತಿಲ್ಲ, ಬೇಕೆಂದೇ ಎತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶನಿವಾರ ಬೆಳಗ್ಗೆ ತೋಟಕ್ಕೆ ಹೋದೆ. ಅಂಜನಪ್ಪ ಗುದ್ದಲಿ ಪಕ್ಕಕ್ಕಿಟ್ಟು ಬೀಡಿ ಸೇದುತ್ತಿದ್ದ. ಹೊತ್ತೇರುತ್ತದೆ, ಶುರು ಮಾಡಪ್ಪ ಎಂದೆ. ಸೊಂಟ ಹಿಡ್ಕಂಡೈತೆ ಎಂದ. ಸೊಂಟ ಹಿಡಿದವನು ಸೈಕಲ್ ತುಳಿದುಕೊಂಡು ಬಂದಿದ್ದಾನೆ! ದಿನ ಚೆನ್ನಾಗಿಲ್ಲ ಎಂದ, ಗುಂಡಿ ತೋಡುವವನಿಗೆ ಯಾವ ದಿನ ಚೆನ್ನಾಗಿರುತ್ತದೆ? ಕಡೆಗೆ, ಅಯ್ಯನೋರು ಹೇಳದೆ ನಾನು ಮುಟ್ಟಾಕಿಲ್ಲ ಎಂದು ಗೇಟಿನ ಕಡೆ ಹೋಗಿಬಿಟ್ಟ. ಎಲ್ಲರೂ ಸೇರಿ ಒಂದೇ ಸೂಜಿಯಲ್ಲಿ ಹೊಲಿಯುತ್ತಿದ್ದಾರೆ ಎಂದು ನನಗೆ ಆಗಲೇ ಖಾತ್ರಿಯಾಯಿತು. ಸೆರಗು ಸಿಕ್ಕಿಸಿ ಗುದ್ದಲಿ ನಾನೇ ಎತ್ತಿಕೊಂಡೆ. ಬಗ್ಗಬೇಡಿ ಎಂದಿದ್ದ ಡಾಕ್ಟರು ನೆನಪಾದರು, ಆದರೂ ಎತ್ತಿಕೊಂಡೆ.

ಆಗ ಮಲೀಕಾ ಓಡಿಬಂದಳು. ಅವಳು ನಮ್ಮ ತೋಟದೊಳಗೆ ಬಂದವಳಲ್ಲ, ನಿನ್ನ ಅಪ್ಪ ಹೋದಾಗಲೂ ಗೇಟಿನ ಹೊರಗೇ ನಿಂತು ಅತ್ತವಳು. ಅಂಜನಪ್ಪನೇ ಅವಳಿಗೆ ಫೋನು ಮಾಡಿದ್ದನಂತೆ. ಬಂದವಳೇ ಗುದ್ದಲಿಯ ಕಾವು ಹಿಡಿದುಕೊಂಡಳು.

"ಅಕ್ಕಾ, ಕೆಳಗಿಡು. ಅಲ್ಲಿ ಕೂಸೈತೆ."

ನನಗೆ ಅರ್ಥವಾಗಲಿಲ್ಲ. ಯಾವ ಕೂಸು ಎಂದೆ.

"ರೋಜಾನ ಕೂಸು. ತಾಳ್ಯದೋರು ತಮ್ಮೂರಾಗೆ ಬ್ಯಾಡ ಅಂದ್ರು. ಇಲ್ಲಿ ಮಕ್ಕಳ ಮೂಲ್ಯಾಗೆ ಹಾರೆ ಇಳೀಲಿಲ್ಲ, ಬರೀ ಬಂಡೆ. ಮಣ್ಣಿದ್ದದ್ದು ನಿನ್ನ ಜಾಗದಾಗೆ ಒಂದೇ. ಪೆಟ್ಟಿಗೆ ನಮ್ಮೋರು ಮಾಡಿದ್ರು. ನಿನ್ನ ಟ್ರಂಕ್ ತೆಗೆದು ಬಟ್ಟೆ ಕತ್ತರಿಸಿದ್ದು ನಾನೇ ಅಕ್ಕ. ನನಗೆ ಕತ್ತರಿ ರೂಢಿ ಇಲ್ಲ, ಅದಕ್ಕೇ ಸೊಟ್ಟ ಆಗೈತೆ."

ಅವಳ ಗಂಡ ಮೌಲಾ ಸಾಬ್ ನಿನಗೆ ಗೊತ್ತಲ್ಲ, ಬಾಗಿಲು ಕಿಟಕಿ ಮಾಡುವವನು. ಅವನು ಮಾಡಿದ ಪೆಟ್ಟಿಗೆ, ನನ್ನ ಬಟ್ಟೆ, ನನ್ನ ಜಾಗ. ಎಲ್ಲರಿಗೂ ಗೊತ್ತು, ನನಗೆ ಮಾತ್ರ ಗೊತ್ತಿಲ್ಲ.

ಈಗ ನಾನು ಅತ್ತೆ ಎಂದು ಬರೆಯಬೇಕು, ಓದುವುದಕ್ಕೆ ಅದೇ ಚಂದ. ಆದರೆ ಹನ್ನಾ, ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬದುಕಿರುವಾಗಲೇ ನನ್ನನ್ನು ಪಕ್ಕಕ್ಕೆ ತಳ್ಳಿ ನಿನ್ನ ಅಪ್ಪನ ಪಕ್ಕ ಬೇರೆ ಯಾರನ್ನೋ ಮಲಗಿಸಿದ್ದಾರೆ. ಹಸುಗೂಸೇ ಇರಲಿ, ನನಗೆ ಹೊಟ್ಟೆ ಉರಿಯಿತು. ಆಮೇಲೆ ಮುದ್ದೆ, ಸಾರು, ಕಣ್ಣಿನ ಹನಿ! ನನ್ನ ಬಾಯಿ ಮುಚ್ಚಿಸುವುದಕ್ಕೆ ಅಷ್ಟು ದಿನ ಅನ್ನ ಹಾಕಿದ್ದಾರೆ.

ಅಲ್ಲಿಂದ ನೆಟ್ಟಗೆ ಅಯ್ಯನವರ ಮನೆಗೆ ಹೋಗಿ, ಮಗುವನ್ನು ಬೇರೆ ಕಡೆ ಇಡಿಸಿ ಎಂದೆ. ಅವರು ವಾದ ಮಾಡಲಿಲ್ಲ. ತಪ್ಪು ನನ್ನದು, ಅವತ್ತು ಬೇರೆ ದಾರಿ ಕಾಣಲಿಲ್ಲ, ಹೇಳೋಣ ಹೇಳೋಣ ಎಂದು ದಿನ ದೂಡಿದೆ ಎಂದರು. ರೋಜಾ ದಿನಾ ಬರುತ್ತಿದ್ದುದೂ ಹೇಳುವುದಕ್ಕೇ ಅಂತೆ, ಬಾಯಿ ಬರುತ್ತಿರಲಿಲ್ಲವಂತೆ. ಹೇಳುವವಳು ಬಾಯಲ್ಲಿ ಹೇಳುತ್ತಾಳೆ, ಡಬ್ಬಿಯಲ್ಲಿ ಹೇಳುತ್ತಾಳೆಯೇ? ಈಸ್ಟರ್ ಕಳೆದ ಮೇಲೆ ಮಷಿನ್ ತರಿಸಿ ಬಂಡೆ ಒಡೆಸಿ ಮಕ್ಕಳ ಮೂಲೆಗೆ ಸಾಗಿಸುತ್ತೇನೆ, ನಿಮ್ಮ ಜಾಗ ನಿಮ್ಮದೇ ಅಮ್ಮ ಎಂದರು. ಸರಿ ಎಂದು ಬಂದೆ.

ನಿನ್ನೆ ಗುಡಿಯಲ್ಲಿ ಕೈಯಲ್ಲಿ ಗರಿ ಹಿಡಿದುಕೊಂಡು ನಿಂತಿದ್ದಾಗ ಯಾರೂ ನನ್ನ ಬೆಂಚಿಗೆ ಬರಲಿಲ್ಲ. ನಾನು ಕೇಳಿದ್ದರಲ್ಲಿ ತಪ್ಪೇನಿದೆ? ಸಭೆಯ ಕಮಿಟಿಯೇ ಬಿಟ್ಟುಕೊಟ್ಟ ಜಾಗ ಅದು. ನಾನು ಸರಿ ತಾನೇ? ಸರಿ ಎಂದು ಬರೆ.

ಅಮ್ಮ


ಹಿರಿಯೂರು
21 ಏಪ್ರಿಲ್ 2025, ಸೋಮವಾರ

ಪ್ರೀತಿಯ ಹನ್ನಾ,

ನಿನಗೂ ಅಳಿಯಂದಿರಿಗೂ ಈಸ್ಟರ್ ಹಬ್ಬದ ವಂದನೆಗಳು. ನಿನ್ನಿಂದ ಉತ್ತರ ಬರಲಿಲ್ಲ. ಬರದೇ ಇದ್ದದ್ದೇ ಒಳ್ಳೆಯದಾಯಿತು. ಸರಿ ಎಂದು ಬರೆದಿದ್ದರೆ ಅದನ್ನೇ ಹಿಡಿದುಕೊಂಡು ಕೂರುತ್ತಿದ್ದೆ.

ಬುಧವಾರ ಅಯ್ಯನವರು ಮನೆಗೆ ಬಂದಿದ್ದರು. ಕೂಸನ್ನು ಸಾಗಿಸುವಾಗ ಹಳೆಯ ಪೆಟ್ಟಿಗೆ ತಡೆಯುತ್ತದೋ ಇಲ್ಲವೋ, ಮೌಲಾ ಸಾಬ್ ಹೊಸದು ಮಾಡುತ್ತಾನೆ, ಒಳಬಟ್ಟೆ ಹೊಲಿಯಬೇಕಲ್ಲಮ್ಮ ಎಂದರು. ಸಭೆಯಲ್ಲಿ ಅದನ್ನು ಹೊಲಿಯುವವಳು ನಾನೊಬ್ಬಳೇ. ಬೇಕೆಂದೇ ನನಗೆ ಒಪ್ಪಿಸಿದರೋ ಎಂದು ಈಗಲೂ ಅನುಮಾನವಿದೆ. ಅಳತೆ ಬೇಕು ಎಂದೆ. ರೋಜಾಳನ್ನು ಕಳಿಸುತ್ತೇನೆ ಎಂದರು.

ಅವಳು ಬಂದಳು, ಡಬ್ಬಿ ಇಲ್ಲದೆ. ಹೊಸ್ತಿಲ ಹೊರಗೇ ನಿಂತಳು. ಒಳಗೆ ಕರೆದೆ, ಕೂತುಕೋ ಎನ್ನಲಿಲ್ಲ. ಕೊರಳಿಗೆ ಟೇಪು ಹಾಕಿಕೊಂಡು, ಎಷ್ಟುದ್ದ ಎಂದು ಕೇಳಿದೆ. ಹೊಲಿಗೆ ಮಷಿನ್ ಮುಂದೆ ಕುಳಿತು ಗಿರಾಕಿಯನ್ನು ಕೇಳುವ ಧ್ವನಿಯಲ್ಲೇ ಕೇಳಿದೆ. ಅವಳು ಎಡಗೈ ಮಡಚಿ ಎದೆಗೆ ಒತ್ತಿಕೊಂಡಳು. ಬಲಗೈ ಬೆರಳಲ್ಲಿ ಮೊಳಕೈ ಮುಟ್ಟಿ, "ತಲೆ ಇಲ್ಲಿತ್ತು ಆಂಟಿ" ಎಂದಳು. ಆಮೇಲೆ ಮಣಿಕಟ್ಟಿನ ಹತ್ತಿರ ತಂದು, "ಕಾಲು ಇಲ್ಲಿಗೆ ಬರ್ತಿತ್ತು" ಎಂದಳು.

ನಾನು ಟೇಪು ಹಿಡಿದುಕೊಂಡು ಅವಳ ಕೈ ಮೇಲೆ ಇಟ್ಟೆ. ಎಷ್ಟೋ ಮನೆಗಳಲ್ಲಿ ಅಳತೆ ತೆಗೆದುಕೊಂಡಿದ್ದೇನೆ. ಜನ ಬಾಗಿಲ ಎತ್ತರ ತೋರಿಸಿ ಇಷ್ಟಿದ್ದರು ಎನ್ನುತ್ತಾರೆ, ಮಂಚ ತೋರಿಸುತ್ತಾರೆ. ಎತ್ತಿಕೊಂಡ ಕೈಯನ್ನೇ ಅಳತೆಗೆ ಕೊಟ್ಟವರು ಯಾರೂ ಇರಲಿಲ್ಲ. ಇಂಚು ಕಣ್ಣಿಗೆ ಕಾಣಲಿಲ್ಲ, ಹನ್ನಾ. ಅಳಬೇಡಿ ಎಂದಿದ್ದ ಡಾಕ್ಟರ ಮಾತು ಅಲ್ಲಿಗೆ ಮುಗಿಯಿತು. ಇಷ್ಟೇ ಇಷ್ಟು ಮಗು. ನನ್ನ ಜಾಗ, ನನ್ನ ಜಾಗ ಎಂದು ಊರೆಲ್ಲ ಕೂಗಿಕೊಂಡು ಬಂದೆನಲ್ಲ, ಆ ಜಾಗದಲ್ಲಿ ಒಂದು ಮೂಲೆಯೂ ತುಂಬದಷ್ಟು ಮಗು.

ಹೆಣ್ಣೋ ಗಂಡೋ ಎಂದು ಕೇಳಿದೆ. ಇಷ್ಟು ದಿನ ಅದನ್ನೂ ಕೇಳಿರಲಿಲ್ಲ. ಹೆಣ್ಣಂತೆ. ಹೊಟ್ಟೆಯಲ್ಲಿದ್ದಾಗಲೇ ಶಿವು ಚಿಟ್ಟಿ ಎಂದು ಕರೆಯುತ್ತಿದ್ದನಂತೆ. ದೊಡ್ಡ ಹೆಸರು ಹುಟ್ಟಿದ ಮೇಲೆ ನೋಡಿದರಾಯಿತು ಎಂದುಕೊಂಡಿದ್ದರಂತೆ.

ಬಟ್ಟೆ ಕತ್ತರಿಸಲಿಲ್ಲ. ಟೇಪು ಸುತ್ತಿಟ್ಟು, ಮಗು ಎಲ್ಲಿದೆಯೋ ಅಲ್ಲೇ ಇರಲಿ, ಯಾರೂ ಮುಟ್ಟಬೇಡಿ ಎಂದೆ. ರೋಜಾ ನನ್ನ ಕಾಲು ಹಿಡಿಯುವುದಕ್ಕೆ ಬಂದಳು. ಕಾಲು ಹಿಡಿಯುವುದು ಬೇಡ, ನಾಳೆಯಿಂದ ಹನಿ ಹಾಕುವುದಕ್ಕೆ ಬಾ, ನಾನು ಹಾಕಿಕೊಂಡರೆ ಕೆನ್ನೆಗೆ ಬೀಳುತ್ತದೆ ಎಂದೆ. ಅವಳಿಗೆ ಅಳುವಿನ ನಡುವೆ ನಗು ಬಂತು, ನನಗೂ ಬಂತು.

ನಾನು ಒಂದೇ ದಿನಕ್ಕೆ ಸಂತಳಾದೆ ಎಂದುಕೊಳ್ಳಬೇಡ. ಶನಿವಾರ ಸುಣ್ಣ ಬಳಿಯಲು ಹೋದಾಗ, ಅಂಜನಪ್ಪ ನನ್ನ ಕಲ್ಲುಗಳನ್ನು ಕಿತ್ತು ಸಣ್ಣ ಚೌಕ ಮಾಡಿ ಇಡುತ್ತಿದ್ದರೆ ಒಂದೊಂದನ್ನೂ ಎಣಿಸುತ್ತಾ ನಿಂತಿದ್ದೆ. ಉಳಿದ ಕಲ್ಲುಗಳನ್ನು ಮನೆಗೆ ತರೋಣ ಎಂದು ಒಂದು ಕ್ಷಣ ಅನಿಸಿತು. ಕೊಟ್ಟ ಮೇಲೂ ಕೈ ಅದನ್ನೇ ಹುಡುಕುತ್ತದೆ. ಕಾಫಿ ಬಿಟ್ಟಾಗ ತಲೆ ನೋಯುತ್ತಿತ್ತು, ಇದನ್ನು ಬಿಟ್ಟಾಗ ಎಲ್ಲಿ ನೋಯುತ್ತದೆ ಎಂದು ಹೇಳುವುದಕ್ಕೂ ಬರುವುದಿಲ್ಲ. ಆಗಲಿ, ದಿನಾ ಒಂದಿಷ್ಟು ಬಿಡುತ್ತೇನೆ. ಎಲ್ಲ ಒಟ್ಟಿಗೆ ಬಿಡು ಎಂದು ದೇವರೂ ನನ್ನಂಥವಳಿಗೆ ಹೇಳಲಾರ.

ನಿನ್ನೆ ಬೆಳಕು ಹರಿಯುವ ಮೊದಲೇ ಎಲ್ಲರೂ ತೋಟಕ್ಕೆ ಹೋದೆವು. ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚಿ ಹಾಡಿದೆವು. ಎಸ್ತರಮ್ಮನನ್ನೂ ಶಿವು ಆಟೋದಲ್ಲಿ ಕೂರಿಸಿಕೊಂಡು ಬಂದಿದ್ದ. ಅವಳ ಮುಖ ನೋಡುವುದಕ್ಕೆ ನನಗೆ ನಾಚಿಕೆಯಾಯಿತು, ಸಾಯದವಳನ್ನು ಅಷ್ಟು ಸಲ ಸಾಯಿಸಿದ್ದೆ. ಚಿಟ್ಟಿಯ ಮೇಲೆ ರೋಜಾ ಬತ್ತಿ ಇಟ್ಟಳು, ಗಾಳಿಗೆ ಆರಿತು, ನಿನ್ನ ಅಪ್ಪನ ಬತ್ತಿಯಿಂದ ಮತ್ತೆ ಹಚ್ಚಿಕೊಂಡಳು. ಶಿವುವಿಗೆ ನಮ್ಮ ಹಾಡು ಬರುವುದಿಲ್ಲ, ಅವನು ಸುಣ್ಣದ ಡಬ್ಬಿ ಹಿಡಿದುಕೊಂಡು ಗೋಡೆಯ ಹತ್ತಿರ ನಿಂತಿದ್ದ. ಮಲೀಕಾ ಈ ಸಲ ಗೇಟಿನ ಒಳಗೆ ಬಂದಿದ್ದಳು.

ನನಗೆ ಗೇಟಿನ ಪಕ್ಕ ಹುಣಸೆ ಮರದ ಬುಡದಲ್ಲಿ ಒಂದು ಜಾಗ ನೋಡಿದ್ದೇನೆ. ಬೇರು ಜಾಸ್ತಿ ಎಂದು ಯಾರೂ ಅದನ್ನು ಜಾಗವೆಂದೇ ಎಣಿಸಿರಲಿಲ್ಲ, ಅಂಜನಪ್ಪ ಬೈದುಕೊಂಡು ಅಗೆಯಬೇಕಾಗುತ್ತದೆ. ನಿನ್ನ ಅಪ್ಪನಿಂದ ದೂರವಾಯಿತು. ಇಷ್ಟು ವರ್ಷ ನಾನು ಮಾತಾಡಿದ್ದನ್ನೆಲ್ಲ ಅವರು ಕೇಳಿಸಿಕೊಂಡಾಗಿದೆ, ಸಾಕು. ಈಗ ಮಗು ಅವರ ಒಳ್ಳೆಯ ಕಿವಿಯ ಕಡೆ ಇದೆ. ಅತ್ತರೆ ಅವರಿಗೆ ಕೇಳಿಸುತ್ತದೆ.

ಗುಡಿಯಿಂದ ಬಂದು ಕಾಫಿ ಮಾಡಿದೆ. ರೋಜಾಳಿಗೆ ಒಂದು ಲೋಟ ಕೊಟ್ಟು ಆಮೇಲೆ ನಾನು ಕುಡಿದೆ. ಕರ್ತನು ನಿನ್ನನ್ನೂ ನಿನ್ನ ಮನೆಯನ್ನೂ ಆಶೀರ್ವದಿಸಲಿ, ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ಮನೆಗೆ ಹೋಗಲಿ.

ನಿನ್ನ ಅಮ್ಮ,
ಲುದ್ಯಮ್ಮ

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ, ಮೇಲೆ ಬರೆಯುವುದಕ್ಕೆ ಕೈ ಬರಲಿಲ್ಲ. ನಿನ್ನೆ ಮಧ್ಯಾಹ್ನ ಅಯ್ಯನವರನ್ನು ಕೇಳಿದೆ, ಅವತ್ತು ಯಾರನ್ನೂ ಕೇಳದೆ ನನ್ನ ಜಾಗ ಅಗೆಸಿದಿರಾ ಎಂದು. ಅವರು ಸುಳ್ಳು ಹೇಳಲಾರದೆ ಹೇಳಿಬಿಟ್ಟರು. ನಿನ್ನನ್ನು ಕೇಳಿದ್ದರಂತೆ. ನೀನು ಹಿತ್ತಲಿಗೆ ಹೋಗಿ ಮಾತಾಡಿದ ಫೋನು ಅದು. ಅಮ್ಮನಿಗೆ ಒಂದು ಮಾತು ಹೇಳಲೇ ಎಂದು ಅವರು ಕೇಳಿದಾಗ ನೀನು ಹೇಳಿದ್ದು ಇಷ್ಟಂತೆ: "ಬೇಡ ಅಯ್ಯನವರೇ, ಅಮ್ಮನನ್ನು ಕೇಳಬೇಡಿ. ಅಮ್ಮ ಕೊಡಲ್ಲ." ಕಣ್ಣಿನ ಆಪರೇಷನ್ ಆಗಿತ್ತು, ಅಳಬಾರದು ಎಂದು ಹೇಳಲಿಲ್ಲ ಎಂದು ನೀನು ನೆವ ಹೇಳಬಹುದು. ಹೇಳಬೇಡ. ನೀನು ಹೇಳಿದ್ದು ನಿಜ, ನೋವು ಅದೇ. ಒಂದು ಗೋಡೆ ಆಚೆ ಮಲಗಿದ್ದ ನನ್ನನ್ನು ಅವತ್ತು ಕೇಳಿದ್ದರೆ ನಾನು ಕೊಡುತ್ತಿರಲಿಲ್ಲ, ಮತ್ತು ಅದು ನನ್ನ ಮಗಳಿಗೆ ಯೋಚನೆ ಮಾಡದೆ ಗೊತ್ತಿತ್ತು. ಇನ್ನು ಮುಂದೆ ಯಾರಿಗೆ ಏನು ಬೇಕಾದರೂ ಮೊದಲು ನನ್ನನ್ನು ಕೇಳು. ನಾನು ಕೊಡಲ್ಲ ಎಂದರೆ, ಇನ್ನೊಂದು ಸಲ ಕೇಳು.